ಯೂಟ್ಯೂಬ್ ಕಾಪಿರೈಟ್ ಕ್ಲೇಮ್, ಸ್ಟ್ರೈಕ್, ವಕೀಲರ ನೋಟಿಸ್: ಯಾವುದಕ್ಕೆ ಹೇಗೆ ಉತ್ತರಿಸಬೇಕು

ಯಕ್ಷಗಾನದ ಪದ್ಯ, ದಾಸರ ಪದ, ಸಿನಿಮಾ ವಿಮರ್ಶೆ, ಸುದ್ದಿ ವಿಶ್ಲೇಷಣೆ, ಅಡುಗೆ, ಯಾವ ಕನ್ನಡ ಚಾನೆಲ್ ಆದರೂ ಒಂದಲ್ಲ ಒಂದು ದಿನ ಕಾಪಿರೈಟ್ ಈಮೇಲ್ ಬಂದೇ ಬರುತ್ತದೆ. ಬಂದ ಕೂಡಲೇ ಹೆಚ್ಚಿನವರು ಮಾಡುವುದು ಎರಡರಲ್ಲಿ ಒಂದು. ಹೆದರಿ ವಿಡಿಯೊ ಅಳಿಸುತ್ತಾರೆ, ಇಲ್ಲವೇ ಸಿಟ್ಟಿನಲ್ಲಿ ಸಿಕ್ಕ ಬಟನ್ ಒತ್ತುತ್ತಾರೆ. ಎರಡೂ ಬೇಡ. ಮೊದಲು ಬಂದಿರುವುದು ಏನು ಎಂದು ಓದಿ. ಕಂಟೆಂಟ್ ಐಡಿ ಕ್ಲೇಮ್, ಟೇಕ್‌ಡೌನ್ (ವಿಡಿಯೊ ತೆಗೆಸುವ ದೂರು) ಮತ್ತು ಅದರ ಜೊತೆ ಚಾನೆಲ್ ಮೇಲೆ ಬೀಳುವ ಎಚ್ಚರಿಕೆಯ ದಂಡವಾದ ಸ್ಟ್ರೈಕ್, ವಕೀಲರ ನೋಟಿಸ್ ಅಥವಾ ಕೋರ್ಟಿನ ಆದೇಶ, ಈ ಮೂರೂ ಬೇರೆ ಬೇರೆ. ಗಡುವು ಬೇರೆ, ಅಪಾಯ ಬೇರೆ, ಉತ್ತರವೂ ಬೇರೆ.

ಯೂಟ್ಯೂಬ್ ಸ್ಟುಡಿಯೋ ತೆರೆದು ಕಂಟೆಂಟ್ ಪಟ್ಟಿಗೆ ಹೋಗಿ. ಕಾಪಿರೈಟ್ ಎಂದು ಫಿಲ್ಟರ್ ಹಾಕಿ, ರಿಸ್ಟ್ರಿಕ್ಷನ್ಸ್ ಕಾಲಮ್ಮಿನಲ್ಲಿ ವಿವರ ನೋಡಿ. ಯಾರ ಕ್ಲೇಮ್, ಯಾವ ಹಾಡಿನದು ಅಥವಾ ದೃಶ್ಯದ್ದು, ಎಷ್ಟನೇ ನಿಮಿಷದಿಂದ ಎಷ್ಟನೇ ನಿಮಿಷದವರೆಗೆ, ವಿಡಿಯೊ ಮೇಲೆ ಪರಿಣಾಮ ಏನು, ಎಲ್ಲವೂ ಅಲ್ಲಿರುತ್ತದೆ. ಅದೆಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಬಂದ ಈಮೇಲನ್ನು ಅಳಿಸಬೇಡಿ, ಪ್ರತಿ ಇಟ್ಟುಕೊಳ್ಳಿ. ಎಷ್ಟೋ ತಿಂಗಳ ನಂತರ ಕೋರ್ಟಿನಲ್ಲಿ ದಿನಾಂಕ ಹೇಳಬೇಕಾಗಿ ಬಂದಾಗ ಬೇಕಾಗುವುದು ಇದೇ.

ಕ್ಲೇಮ್ ಬಂದರೆ

ಕಂಟೆಂಟ್ ಐಡಿ ಕ್ಲೇಮ್ ಯಂತ್ರದ ಕೆಲಸ. ಕಂಪನಿಗಳು ಕೊಟ್ಟ ಧ್ವನಿ, ದೃಶ್ಯದ ಮಾದರಿಗಳೊಂದಿಗೆ ನಿಮ್ಮ ವಿಡಿಯೊ ಹೋಲಿಸಿ ನೋಡಿ, ಹೊಂದಿಕೆಯಾದರೆ ಕ್ಲೇಮ್ ಹಾಕುತ್ತದೆ. ಕ್ಲೇಮ್ ಮಾಡಿದವರು ವಿಡಿಯೊ ಬ್ಲಾಕ್ ಮಾಡಬಹುದು, ಜಾಹೀರಾತಿನ ಹಣ ತಮಗೆ ತಿರುಗಿಸಿಕೊಳ್ಳಬಹುದು, ಇಲ್ಲವೇ ವೀಕ್ಷಣೆಯ ಅಂಕಿಅಂಶ ಮಾತ್ರ ನೋಡುತ್ತಿರಬಹುದು. ಕ್ಲೇಮ್ ಬಂತೆಂದು ಚಾನೆಲ್‌ಗೆ ಸ್ಟ್ರೈಕ್ ಬೀಳುವುದಿಲ್ಲ.

ತಪ್ಪು ಕ್ಲೇಮ್ ಬರುವುದು ಹೆಚ್ಚಾಗಿ ಇಂಥ ಕಡೆ. ತಂಬೂರಿ ಅಥವಾ ಶ್ರುತಿಪೆಟ್ಟಿಗೆಯ ಒಂದೇ ಸ್ವರದ ನಾದ ಯಾವುದೋ ಆಲ್ಬಮ್ಮಿನ ಶುರುವಿಗೆ ತಾಳೆಯಾಗುತ್ತದೆ. ಎಲ್ಲರಿಗೂ ಮುಕ್ತವಾಗಿ ಸಿಗುವ ತಬಲಾ ಲೂಪನ್ನು ಯಾರೋ ತಮ್ಮ ಹಾಡಿನಲ್ಲಿ ಬಳಸಿ, ಆ ಹಾಡನ್ನು ಕಂಟೆಂಟ್ ಐಡಿಗೆ ಸೇರಿಸಿರುತ್ತಾರೆ. ನೀವೇ ಹಾಡಿದ ವಚನ ಅದೇ ರಾಗದ ಇನ್ನೊಬ್ಬರ ಧ್ವನಿಮುದ್ರಣಕ್ಕೆ ಹೋಲುತ್ತದೆ. ನಿಮ್ಮದೇ ಹಾಡಿಗೆ ನಿಮ್ಮದೇ ವಿತರಕರ ಮೂಲಕ ಕ್ಲೇಮ್ ಬರುವುದೂ ಸಾಮಾನ್ಯ. ಸ್ಪಾಟಿಫೈಗೆ ಹಾಡು ಕೊಡುವಾಗ ವಿತರಣಾ ಕಂಪನಿಯ ಫಾರ್ಮಿನಲ್ಲಿ ಕಂಟೆಂಟ್ ಐಡಿಗೂ ಒಪ್ಪಿಗೆ ಕೊಟ್ಟಿದ್ದರೆ ಹೀಗಾಗುತ್ತದೆ. ಅಂಥ ಕ್ಲೇಮಿಗೆ ಡಿಸ್ಪ್ಯೂಟ್ (ಆಕ್ಷೇಪ) ಹಾಕುವ ಬದಲು ವಿತರಕರಿಗೆ ಬರೆದು ನಿಮ್ಮ ಚಾನೆಲನ್ನು ಅನುಮತಿ ಪಟ್ಟಿಗೆ ಸೇರಿಸಿಸಿಕೊಳ್ಳಿ. ಆಮೇಲೆ ಹೊಸ ವಿಡಿಯೊಗಳಿಗೂ ಈ ಕಾಟ ಇರುವುದಿಲ್ಲ.

ಹಾಡು ನಿಜವಾಗಿಯೂ ಬೇರೆಯವರದಾಗಿದ್ದು, ನಿಮಗೆ ಅದು ಅಗತ್ಯವಿಲ್ಲದಿದ್ದರೆ ಜಗಳಕ್ಕೆ ಇಳಿಯಬೇಡಿ. ಸ್ಟುಡಿಯೋದಲ್ಲೇ ಆ ಭಾಗ ಕತ್ತರಿಸಬಹುದು, ಹಾಡು ಬದಲಾಯಿಸಬಹುದು, ಹಾಡಿನ ಧ್ವನಿ ತೆಗೆಯಬಹುದು. ಹೀಗೆ ಮಾಡಿದರೆ ಕ್ಲೇಮ್ ಬಿದ್ದುಹೋಗುತ್ತದೆ, ವಿಡಿಯೊ ಲಿಂಕ್ ಮತ್ತು ವೀಕ್ಷಣೆ ಉಳಿಯುತ್ತವೆ.

ಹಕ್ಕು ನಿಮ್ಮದೇ ಎಂದಿದ್ದರೆ ಡಿಸ್ಪ್ಯೂಟ್ ಹಾಕಿ. ಕ್ಲೇಮ್ ಬಂದ 5 ದಿನದೊಳಗೆ ಹಾಕಿದರೆ ಜಾಹೀರಾತಿನ ಹಣವನ್ನು ಕ್ಲೇಮಿನ ಮೊದಲ ದಿನದಿಂದಲೇ ಯೂಟ್ಯೂಬ್ ಯಾರಿಗೂ ಕೊಡದೆ ತಡೆಹಿಡಿಯುತ್ತದೆ. ತಡವಾದರೆ ಡಿಸ್ಪ್ಯೂಟ್ ಹಾಕಿದ ದಿನದಿಂದ ಮಾತ್ರ. ಹೊಸ ವಿಡಿಯೊಗೆ ಬಹುಪಾಲು ವೀಕ್ಷಣೆ ಮೊದಲ ವಾರದಲ್ಲೇ ಬರುವುದರಿಂದ ಈ 5 ದಿನ ಸಣ್ಣದಲ್ಲ.

ಡಿಸ್ಪ್ಯೂಟ್ ಫಾರ್ಮಿನಲ್ಲಿ ಕಾರಣ ಕೇಳುತ್ತದೆ. ಸ್ವಂತ ಕೃತಿ, ಲೈಸೆನ್ಸ್ ಇದೆ, ನ್ಯಾಯೋಚಿತ ಬಳಕೆ, ಸಾರ್ವಜನಿಕ ಸ್ವತ್ತು (ಯಾರ ಹಕ್ಕೂ ಉಳಿಯದ ಕೃತಿ) ಎಂಬ ನಾಲ್ಕರಲ್ಲಿ ಒಂದನ್ನು ಆರಿಸಬೇಕು. ವಿವರಣೆ ನಾಲ್ಕೈದು ವಾಕ್ಯ ಸಾಕು, ಆದರೆ ಪ್ರತಿ ವಾಕ್ಯಕ್ಕೂ ಪುರಾವೆ ಇರಬೇಕು. ಉದಾಹರಣೆಗೆ: “ಈ ವಿಡಿಯೊದ 02:10ರಿಂದ 04:45ರವರೆಗಿನ ಗಾಯನ ನನ್ನದು. ಪಠ್ಯ 16ನೇ ಶತಮಾನದ ಪುರಂದರದಾಸರದು. ಮೂಲ ಧ್ವನಿ ಕಡತ ಇಂಥ ದಿನಾಂಕದಂದು ಇಂಥ ಸ್ಟುಡಿಯೋದಲ್ಲಿ ಮುದ್ರಣವಾಗಿದೆ. ಪಕ್ಕವಾದ್ಯದವರ ಲಿಖಿತ ಒಪ್ಪಿಗೆ ನನ್ನ ಬಳಿ ಇದೆ.” ಓದುವವರು ಮುಂಬೈಯಲ್ಲೋ ಲಂಡನ್‌ನಲ್ಲೋ ಇರಬಹುದಾದ್ದರಿಂದ ಇದನ್ನು ಇಂಗ್ಲಿಷಿನಲ್ಲಿ ಬರೆಯುವುದೇ ಕ್ಷೇಮ. “ನನ್ನ ಚಾನೆಲ್ ಚಿಕ್ಕದು, ದಯವಿಟ್ಟು ಬಿಡಿ” ಎಂದರೆ ಹಕ್ಕು ಅವರದೆಂದು ನೀವೇ ಒಪ್ಪಿಕೊಂಡಂತೆ.

ಕ್ಲೇಮ್ ಮಾಡಿದವರಿಗೆ ಉತ್ತರಿಸಲು 30 ದಿನ ಇರುತ್ತದೆ. ಸುಮ್ಮನಿದ್ದರೆ ಕ್ಲೇಮ್ ತಾನಾಗಿ ಹೋಗುತ್ತದೆ. ತಿರಸ್ಕರಿಸಿದರೆ ನೀವು ಅಪೀಲ್ ಮಾಡಬಹುದು, ಅದಕ್ಕೆ ಅವರಿಗೆ 7 ದಿನ. ವಿಡಿಯೊ ಬ್ಲಾಕ್ ಆಗಿದ್ದರೆ ಮೊದಲ ಹಂತ ಬಿಟ್ಟು ನೇರ ಅಪೀಲಿಗೇ ಹೋಗುವ ಆಯ್ಕೆಯೂ ಇದೆ. ಎಚ್ಚರ ಬೇಕಿರುವುದು ಇಲ್ಲಿ. ಅಪೀಲನ್ನು ಅವರು ಒಪ್ಪದಿದ್ದರೆ ಮುಂದಿನ ದಾರಿ ಟೇಕ್‌ಡೌನ್, ಅಂದರೆ ನಿಮಗೆ ಸ್ಟ್ರೈಕ್. ಕೆಲವೊಮ್ಮೆ ಅವರು 7 ದಿನದ ನಂತರ ಜಾರಿಯಾಗುವ ಟೇಕ್‌ಡೌನ್ ಹಾಕುತ್ತಾರೆ. ಆ 7 ದಿನದೊಳಗೆ ಅಪೀಲ್ ಹಿಂತೆಗೆದುಕೊಂಡರೆ ಸ್ಟ್ರೈಕ್ ತಪ್ಪುತ್ತದೆ. ಹಾಗಾಗಿ ಡಿಸ್ಪ್ಯೂಟ್ ಹಾಕಲು ಧೈರ್ಯ ಸಾಕಾದರೂ ಅಪೀಲ್ ಹಾಕಲು ದಾಖಲೆ ಕೈಯಲ್ಲಿರಬೇಕು.

ಹಕ್ಕು ನಿಜಕ್ಕೂ ಯಾರದು?

ಅರ್ಧ ಜಗಳಗಳು ಸೋಲುವುದು ಇಲ್ಲಿ. ಒಂದು ಹಾಡಿನಲ್ಲಿ ಸಾಹಿತ್ಯಕ್ಕೊಂದು, ರಾಗಸಂಯೋಜನೆಗೊಂದು, ಧ್ವನಿಮುದ್ರಣಕ್ಕೊಂದು ಎಂದು ಮೂರು ಹಕ್ಕುಗಳಿವೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯ ಮತ್ತು ಸಂಗೀತಕ್ಕೆ ಕರ್ತೃವಿನ ಜೀವಿತಾವಧಿ ಹಾಗೂ ಸತ್ತ ಮುಂದಿನ ವರ್ಷದ ಆರಂಭದಿಂದ 60 ವರ್ಷ ರಕ್ಷಣೆ. ಧ್ವನಿಮುದ್ರಣ ಮತ್ತು ಸಿನಿಮಾಕ್ಕೆ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಬಿ.ಎಂ.ಶ್ರೀ. ಅವರು 1946ರಲ್ಲಿ ತೀರಿಕೊಂಡರು, ಅವರ ಕವಿತೆಗಳು 2007ರ ಜನವರಿ 1ರಿಂದ ಎಲ್ಲರವು. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಅವರ ಕವಿತೆ ಮುಕ್ತವಾಗುವುದು 2042ರ ಜನವರಿ 1ಕ್ಕೆ. ಕುವೆಂಪು ಅವರದು 2055ಕ್ಕೆ. “ಕವಿ ತೀರಿಕೊಂಡು ಬಹಳ ಕಾಲವಾಯಿತು” ಎಂಬುದು ವಾದವಲ್ಲ, ಇಸವಿ ಲೆಕ್ಕ ಹಾಕಿ.

1960ರಲ್ಲಿ ಬಿಡುಗಡೆಯಾದ ಗ್ರಾಮೊಫೋನ್ ತಟ್ಟೆಯಲ್ಲಿ ದಾಸರ ಪದವೊಂದಿದೆ ಎಂದುಕೊಳ್ಳಿ. ಆ ಧ್ವನಿಮುದ್ರಣ ಭಾರತದಲ್ಲಿ 2021ರಿಂದ ಮುಕ್ತ, ಪಠ್ಯ ಯಾವತ್ತಿನಿಂದಲೂ ಮುಕ್ತ. ಆದರೆ ಅದಕ್ಕೆ ಹೊಸ ರಾಗ ಹಾಕಿದ ಸಂಗೀತಗಾರರು 1990ರಲ್ಲಿ ತೀರಿಕೊಂಡಿದ್ದರೆ ರಾಗಸಂಯೋಜನೆಯ ಹಕ್ಕು ಇನ್ನೂ ಜೀವಂತ. ಅದೇ ತಟ್ಟೆಯನ್ನು ಕಂಪನಿ ನಂತರ ರೀಮಾಸ್ಟರ್ ಮಾಡಿ ಬಿಟ್ಟಿದ್ದರೆ ನೀವು ಬಳಸಿದ್ದು ಹಳೆಯ ತಟ್ಟೆಯ ಪ್ರತಿಯನ್ನೇ ಎಂದು ತೋರಿಸಬೇಕಾಗುತ್ತದೆ. ಯೂಟ್ಯೂಬಿನ ಟೇಕ್‌ಡೌನ್ ವ್ಯವಸ್ಥೆ ನಿಂತಿರುವುದು ಅಮೆರಿಕದ ಕಾನೂನಿನ ಮೇಲೆ, ಅಲ್ಲಿನ ಅವಧಿಯ ಲೆಕ್ಕವೇ ಬೇರೆ ಎಂಬುದನ್ನೂ ಮರೆಯಬೇಡಿ.

ಯಕ್ಷಗಾನದ ಚಾನೆಲ್‌ಗಳು ಇನ್ನಷ್ಟು ಜಾಗರೂಕರಾಗಿರಬೇಕು. ಆಟವನ್ನು ನೀವೇ ಕ್ಯಾಮೆರಾ ಹಿಡಿದು ಚಿತ್ರೀಕರಿಸಿದರೂ ಭಾಗವತರು, ಮದ್ದಳೆಗಾರರು, ವೇಷಧಾರಿಗಳಿಗೆ ಪ್ರದರ್ಶಕರ ಹಕ್ಕು ಎಂಬ ಪ್ರತ್ಯೇಕ ಹಕ್ಕು ಕಾಯ್ದೆಯ 38ನೇ ಸೆಕ್ಷನ್ನಿನಲ್ಲಿದೆ, ಅವಧಿ 50 ವರ್ಷ. ಪ್ರಸಂಗಕರ್ತರು ಇತ್ತೀಚಿನವರಾಗಿದ್ದರೆ ಅವರ ಹಕ್ಕು ಬೇರೆ. ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಯ ಹಕ್ಕು ಯಾರದೆಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಅವರ ಉಯಿಲಿನ ಪ್ರಕಾರ ಹಕ್ಕು ಪಡೆದವರ ಪರವಾಗಿ 2009ರಲ್ಲಿ ತೀರ್ಪಾಯಿತು. ಶಿಕ್ಷಣ ಸಂಸ್ಥೆಗಳಿಗೆ ಕಾಯ್ದೆ ಕೊಡುವ ವಿನಾಯಿತಿಯನ್ನು ಮಾತ್ರ ಕೋರ್ಟು ಉಳಿಸಿತು. ಮೇಳದ ಯಜಮಾನರಿಂದಲೂ ಮುಖ್ಯ ಕಲಾವಿದರಿಂದಲೂ ಒಂದು ಪುಟದ ಬರಹದ ಒಪ್ಪಿಗೆ ಪಡೆಯಿರಿ. ಅದರಲ್ಲಿ “ಯೂಟ್ಯೂಬ್ ಮತ್ತು ಇತರ ಅಂತರ್ಜಾಲ ಮಾಧ್ಯಮ”, “ಜಗತ್ತಿನಾದ್ಯಂತ”, “ಇಷ್ಟು ವರ್ಷ” ಎಂಬ ಮೂರು ಅಂಶಗಳು ಇರಲೇಬೇಕು. ಹಕ್ಕು ವರ್ಗಾವಣೆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾಯ್ದೆಯ 19ನೇ ಸೆಕ್ಷನ್ ಅದನ್ನು 5 ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದೂ ಪರಿಗಣಿಸುತ್ತದೆ. ಕ್ಯಾಸೆಟ್ ಕಂಪನಿ ನಿಮ್ಮ ಮೇಲೆ ಕ್ಲೇಮ್ ಹಾಕಿದಾಗಲೂ ಇದೇ ನಿಯಮ ನಿಮ್ಮ ಕೈಗೆ ಬರುತ್ತದೆ. ಅವರ ಒಪ್ಪಂದದ ಪ್ರತಿ ಕೇಳಿ, ಅವಧಿ ಮತ್ತು ಪ್ರದೇಶ ನೋಡಿ.

ವಿಮರ್ಶೆ, ಸುದ್ದಿ ಮಾಡುವವರಿಗೆ ಆಸರೆ 52ನೇ ಸೆಕ್ಷನ್. ಖಾಸಗಿ ಬಳಕೆ ಮತ್ತು ಸಂಶೋಧನೆ, ವಿಮರ್ಶೆ, ಪ್ರಚಲಿತ ವಿದ್ಯಮಾನಗಳ ವರದಿ, ಇಷ್ಟಕ್ಕೆ ನ್ಯಾಯೋಚಿತವಾಗಿ ಬಳಸಬಹುದು. ಹತ್ತು ಸೆಕೆಂಡ್ ಬಳಸಿದರೆ ತಪ್ಪಿಲ್ಲ ಎಂಬ ನಿಯಮ ಎಲ್ಲೂ ಇಲ್ಲ. “ಕಾಪಿರೈಟ್ ಉಲ್ಲಂಘಿಸುವ ಉದ್ದೇಶವಿಲ್ಲ” ಎಂದು ವಿವರಣೆಯಲ್ಲಿ ಬರೆದುದರಿಂದ ಪ್ರಯೋಜನವಿಲ್ಲ. ಮೂಲದ ಹೆಸರು ಹಾಕುವುದು ಸಭ್ಯತೆ, ಅನುಮತಿಯಲ್ಲ. ಕೋರ್ಟು ನೋಡುವುದು ನೀವು ಎಷ್ಟು ತೆಗೆದುಕೊಂಡಿರಿ, ಯಾತಕ್ಕೆ, ನಿಮ್ಮ ವಿಡಿಯೊ ನೋಡಿದವರಿಗೆ ಮೂಲ ನೋಡುವ ಅಗತ್ಯವೇ ಇಲ್ಲದಂತಾಯಿತೇ ಎಂಬುದನ್ನು. ಸಿನಿಮಾ ವಿಮರ್ಶೆಯಲ್ಲಿ ದೃಶ್ಯ ಓಡುತ್ತಿರುವಾಗ ನಿಮ್ಮ ಮಾತು ಆ ದೃಶ್ಯದ ಬಗ್ಗೆಯೇ ಇರಲಿ. ಬರೀ ಹಿನ್ನೆಲೆಗೆಂದು ಓಡಿಸಿದ ದೃಶ್ಯಕ್ಕೆ ಈ ಸೆಕ್ಷನ್ ನೆರವಾಗುವುದು ಕಷ್ಟ.

ಮದುವೆ ವಿಡಿಯೊ ಮಾಡುವವರು ಕೇಳುವ ಒಂದು ಪ್ರಶ್ನೆ: ಮದುವೆಯಲ್ಲಿ ಹಾಡು ಹಾಕಲು ವಿನಾಯಿತಿ ಇದೆಯಲ್ಲ? ಇದೆ. ಅದು ಮಂಟಪದಲ್ಲಿ ಹಾಡು ಕೇಳಿಸುವುದಕ್ಕೆ. ಅದೇ ಹಾಡನ್ನು ಎಡಿಟ್ ಮಾಡಿದ ವಿಡಿಯೊಗೆ ಜೋಡಿಸಿ ಚಾನೆಲ್‌ಗೆ ಏರಿಸುವುದು ಅದರೊಳಗೆ ಬರುವುದಿಲ್ಲ.

ಸ್ಟ್ರೈಕ್ ಬಿದ್ದರೆ

ಟೇಕ್‌ಡೌನ್ ಎಂದರೆ ಒಬ್ಬ ವ್ಯಕ್ತಿ ಅಥವಾ ಕಂಪನಿ ಯೂಟ್ಯೂಬಿಗೆ ಕೊಟ್ಟ ಕಾನೂನುಬದ್ಧ ದೂರು. ವಿಡಿಯೊ ಹೋಗುತ್ತದೆ, ಚಾನೆಲ್‌ಗೆ ಸ್ಟ್ರೈಕ್ ಬೀಳುತ್ತದೆ. ಕಾಪಿರೈಟ್ ಸ್ಕೂಲ್ ಎಂಬ ಸಣ್ಣ ಪಾಠ ಮುಗಿಸಿದರೆ 90 ದಿನಕ್ಕೆ ಅದು ಅಳಿಯುತ್ತದೆ. 90 ದಿನದೊಳಗೆ ಮೂರು ಸ್ಟ್ರೈಕ್ ಆದರೆ ಆ ಚಾನೆಲ್ ಮಾತ್ರವಲ್ಲ, ಅದಕ್ಕೆ ಸಂಬಂಧಿಸಿದ ನಿಮ್ಮ ಬೇರೆ ಚಾನೆಲ್‌ಗಳೂ ಮುಚ್ಚಬಹುದು. ಜಾಹೀರಾತಿನ ಹಣ ಪಡೆಯುವ ಪಾರ್ಟ್ನರ್ ಪ್ರೋಗ್ರಾಮಿನಲ್ಲಿ ಇರುವವರಿಗೆ ಮೂರನೆಯದರ ನಂತರ 7 ದಿನ ಅವಕಾಶ ಕೊಡುತ್ತಾರೆ. ಆ ದಿನಗಳಲ್ಲಿ ಹೊಸ ವಿಡಿಯೊ ಹಾಕಲಾಗುವುದಿಲ್ಲ, ಆದರೆ ಕೌಂಟರ್ ನೋಟಿಫಿಕೇಶನ್ (ವಿಡಿಯೊ ತಪ್ಪಾಗಿ ತೆಗೆಯಲಾಗಿದೆ ಎಂಬ ಕಾನೂನುಬದ್ಧ ಪ್ರತ್ಯುತ್ತರ) ಕೊಟ್ಟರೆ ಅದು ಇತ್ಯರ್ಥವಾಗುವವರೆಗೆ ಚಾನೆಲ್ ಉಳಿಯುತ್ತದೆ.

ಸ್ಟ್ರೈಕ್ ಬಿದ್ದ ವಿಡಿಯೊ ಅಳಿಸಿದರೆ ಸ್ಟ್ರೈಕ್ ಹೋಗುವುದಿಲ್ಲ. ಇದನ್ನು ತಿಳಿಯದೆ ಅಳಿಸಿ ವಿಡಿಯೊ ಕಳೆದುಕೊಂಡವರು ಬಹಳ. ದಾರಿ ಮೂರೇ: 90 ದಿನ ಕಾಯುವುದು, ದೂರು ಕೊಟ್ಟವರಿಂದ ಹಿಂತೆಗೆಸುವುದು, ಕೌಂಟರ್ ನೋಟಿಫಿಕೇಶನ್ ಕೊಡುವುದು.

ತಪ್ಪು ನಿಮ್ಮದಾಗಿದ್ದು ಅದು ಮೊದಲ ಸ್ಟ್ರೈಕ್ ಆಗಿದ್ದರೆ ಕಾಯುವುದೇ ಅಗ್ಗ. ಈ ನಡುವೆ ಚಾನೆಲ್‌ನ ಹಳೆಯ ವಿಡಿಯೊಗಳಲ್ಲಿ ಅದೇ ಕಂಪನಿಯ ಹಾಡು, ದೃಶ್ಯ ಇದ್ದರೆ ಅವನ್ನು ಪ್ರೈವೇಟ್ ಮಾಡಿ. ಒಂದು ಕಂಪನಿಯ ಕಣ್ಣು ಬಿದ್ದ ಮೇಲೆ ಎರಡನೆಯದು, ಮೂರನೆಯದು ಅದರ ಬೆನ್ನಿಗೇ ಬರುವುದು ಸಾಮಾನ್ಯ.

ಹಿಂತೆಗೆಸುವ ಮಾತುಕತೆ ಈಮೇಲಿನಲ್ಲೇ ನಡೆಯಲಿ, ಫೋನಿನಲ್ಲಿ ಬೇಡ. ಯಾವ ವಿಡಿಯೊ, ಎಷ್ಟು ಸೆಕೆಂಡ್, ನೀವು ಮಾಡಲು ಸಿದ್ಧವಿರುವುದೇನು, ಇಷ್ಟು ಬರೆಯಿರಿ. ಅವರು ಒಪ್ಪಿದರೆ ದೂರು ಕೊಟ್ಟ ಅದೇ ಖಾತೆ ಅಥವಾ ಅದೇ ಈಮೇಲ್ ವಿಳಾಸದಿಂದ ಯೂಟ್ಯೂಬಿಗೆ ಹಿಂತೆಗೆತ ತಿಳಿಸಬೇಕು. ಹಣ ಕೇಳಿದರೆ ಯಾವ ಕೃತಿಗೆ, ಎಷ್ಟು ಅವಧಿಯ ಲೈಸೆನ್ಸ್, ಹಳೆಯ ವಿಡಿಯೊಗಳೂ ಸೇರಿವೆಯೇ, ಜಿಎಸ್‌ಟಿ ಸಹಿತ ಬಿಲ್ ಸಿಗುತ್ತದೆಯೇ ಎಂದು ಕೇಳಿ. ಹಿಂತೆಗೆತ ಮತ್ತು ಹಣ ಎರಡೂ ಒಂದೇ ಒಪ್ಪಂದದ ಪತ್ರದಲ್ಲಿರಲಿ. ಎಎನ್‌ಐ ಸುದ್ದಿಸಂಸ್ಥೆ ಸ್ಟ್ರೈಕ್ ತೆಗೆಯಲು ಲಕ್ಷಗಟ್ಟಲೆ ಲೈಸೆನ್ಸ್ ಹಣ ಕೇಳುತ್ತಿದೆ ಎಂದು ಯೂಟ್ಯೂಬರ್ ಮೋಹಕ್ ಮಂಗಲ್ 2025ರ ಮೇ ತಿಂಗಳಲ್ಲಿ ವಿಡಿಯೊ ಮಾಡಿ ಆರೋಪಿಸಿದಾಗ, ಸಂಸ್ಥೆ ದೆಹಲಿ ಹೈಕೋರ್ಟಿನಲ್ಲಿ ಮಾನನಷ್ಟ ದಾವೆ ಹೂಡಿತು. ನಿಮಗೆ ಅನ್ಯಾಯವಾಗಿದೆ ಎಂದು ಸಾರ್ವಜನಿಕವಾಗಿ ಹೇಳುವ ಹಕ್ಕು ನಿಮಗಿದೆ. ಹೇಳುವಾಗ ಪತ್ರದಲ್ಲಿರುವುದನ್ನಷ್ಟೇ ಹೇಳಿ, ಬಿರುಸಿನ ಪದ ಬೇಡ, ಇಲ್ಲದಿದ್ದರೆ ಒಂದು ಕೇಸು ಎರಡಾಗುತ್ತದೆ.

ಕೌಂಟರ್ ನೋಟಿಫಿಕೇಶನ್ ಒತ್ತುವ ಮೊದಲು

ಇದು ಅಪೀಲಿನಂತೆ ಇನ್ನೊಂದು ಬಟನ್ ಅಲ್ಲ. ಅಮೆರಿಕದ 1998ರ ಡಿಎಂಸಿಎ ಎಂಬ ಕಾಪಿರೈಟ್ ಕಾನೂನಿನಡಿ ನೀವು ಕೊಡುವ ಪ್ರಮಾಣ. ವಿಡಿಯೊ ತಪ್ಪಾಗಿ ತೆಗೆಯಲಾಗಿದೆ ಎಂದು ಪ್ರಾಮಾಣಿಕವಾಗಿ ನಂಬಿದ್ದೇನೆ ಎಂದು ಸುಳ್ಳು ಸಾಕ್ಷ್ಯದ ಶಿಕ್ಷೆಗೆ ಒಳಪಟ್ಟು ಹೇಳುತ್ತೀರಿ. ಅಮೆರಿಕದ ಹೊರಗಿನವರಾದ ನೀವು ಯೂಟ್ಯೂಬ್ ಇರುವ ಜಿಲ್ಲೆಯ, ಅಂದರೆ ಉತ್ತರ ಕ್ಯಾಲಿಫೋರ್ನಿಯಾದ, ಫೆಡರಲ್ ನ್ಯಾಯಾಲಯದ ಅಧಿಕಾರವ್ಯಾಪ್ತಿಗೆ ಒಪ್ಪುತ್ತೀರಿ. ಪೂರ್ಣ ಹೆಸರು, ಮನೆ ವಿಳಾಸ, ಫೋನ್ ನಂಬರ್ ಕೊಡಬೇಕು, ಮತ್ತು ಅದೆಲ್ಲ ದೂರುದಾರರ ಕೈಗೆ ಹೋಗುತ್ತದೆ.

ಈ ಕೊನೆಯ ಅಂಶ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಹೆಸರು ಮರೆಮಾಡಿ ರಾಜಕೀಯ, ಜಾತಿ, ಲೈಂಗಿಕ ದೌರ್ಜನ್ಯದ ವಿಷಯ ಮಾತಾಡುವ ಚಾನೆಲ್‌ಗಳ ಮೇಲೆ ವಿಳಾಸ ಪತ್ತೆಹಚ್ಚಲೆಂದೇ ಸುಳ್ಳು ದೂರು ಕೊಡಲು ಈ ದಾರಿಯಲ್ಲಿ ಅವಕಾಶವಿದೆ. ಅಂಥವರು, ಅದರಲ್ಲೂ ಹೆಣ್ಣುಮಕ್ಕಳು, ಸ್ವಂತ ವಿಳಾಸ ಕೊಡಲೇಬೇಡಿ. ನಿಮ್ಮ ಪರವಾಗಿ ವಕೀಲರು ಕೌಂಟರ್ ನೋಟಿಫಿಕೇಶನ್ ಸಲ್ಲಿಸಬಹುದು, ಆಗ ಅವರ ಕಚೇರಿ ವಿಳಾಸ ಹೋಗುತ್ತದೆ. ಅದಕ್ಕೆ ತಗಲುವ ಶುಲ್ಕ ದಂಡವಲ್ಲ, ನಿಮ್ಮ ಸುರಕ್ಷೆಯ ಬೆಲೆ.

ಸಲ್ಲಿಸಿದ ಮೇಲೆ ದೂರುದಾರರಿಗೆ ಅಮೆರಿಕದ ಲೆಕ್ಕದ 10 ಕೆಲಸದ ದಿನ. ಅಷ್ಟರೊಳಗೆ ಕೋರ್ಟಿನಲ್ಲಿ ದಾವೆ ಹೂಡಿದ ಪುರಾವೆ ಕೊಡದಿದ್ದರೆ ವಿಡಿಯೊ ಮರಳುತ್ತದೆ, ಸ್ಟ್ರೈಕ್ ಹೋಗುತ್ತದೆ. ಶನಿವಾರ, ಭಾನುವಾರ ಮತ್ತು ಅಲ್ಲಿನ ರಜೆ ಬಿಟ್ಟು ಎಣಿಸಿದರೆ ನಮ್ಮ ಲೆಕ್ಕಕ್ಕೆ ಎರಡು ವಾರಕ್ಕಿಂತ ಕಡಿಮೆಯಾಗದು. ಫಾರ್ಮು ವಾಪಸ್ ಬರುವುದು ಹೆಚ್ಚಾಗಿ ಸಣ್ಣ ಕಾರಣಕ್ಕೆ: ಚಾನೆಲ್ ಹೆಸರಿನಲ್ಲಿ ಸಹಿ, ಅರ್ಧ ವಿಳಾಸ, ಹಕ್ಕು ಏಕೆ ಇದೆ ಎಂದು ಹೇಳದೆ ಬರೀ ಬೇಡಿಕೆ.

ಯೂಟ್ಯೂಬ್ ನಿಮ್ಮ ಮಾತು ಕೇಳದಿದ್ದರೆ ಭಾರತದಲ್ಲೇ ಇನ್ನೊಂದು ಬಾಗಿಲಿದೆ. 2021ರ ಐಟಿ ನಿಯಮಗಳ ಪ್ರಕಾರ ಕಂಪನಿಯ ಭಾರತದ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. ಆ ನಿರ್ಧಾರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರ ಸರಕಾರ ರಚಿಸಿರುವ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನಿನಲ್ಲೇ ಹೋಗಬಹುದು, ವಕೀಲರು ಕಡ್ಡಾಯವಲ್ಲ. ಹಕ್ಕು ಯಾರದೆಂಬ ಜಟಿಲ ವ್ಯಾಜ್ಯವನ್ನು ಸಮಿತಿ ಬಿಡಿಸುತ್ತದೆ ಎಂದು ನೆಚ್ಚಬೇಡಿ. ಕಂಪನಿ ನಿಮ್ಮ ಉತ್ತರವನ್ನೇ ಓದದೆ ಮುಚ್ಚಿಹಾಕಿದೆ ಎಂಬಂಥ ದೂರಿಗೆ ಇದು ಸರಿಯಾದ ಜಾಗ.

ನೋಟಿಸ್ ಬಂದರೆ, ಕೋರ್ಟಿಗೆ ಹೋದರೆ

ವಕೀಲರ ನೋಟಿಸ್ ಕೋರ್ಟಿನ ಆದೇಶವಲ್ಲ. ಆದರೆ ಸುಮ್ಮನಿರಬೇಡಿ, ಅದರಲ್ಲಿರುವ ಗಡುವಿನೊಳಗೆ ಚಿಕ್ಕ ಲಿಖಿತ ಉತ್ತರ ಕೊಡಿಸಿ. ಕಾಯ್ದೆಯ 63ನೇ ಸೆಕ್ಷನ್ನಿನಲ್ಲಿ 6 ತಿಂಗಳಿಂದ 3 ವರ್ಷದವರೆಗೆ ಜೈಲು ಮತ್ತು 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಈ ಅಪರಾಧ ಜಾಮೀನುರಹಿತ ಎಂದು ಸುಪ್ರೀಂ ಕೋರ್ಟು 2022ರ ಮೇ ತಿಂಗಳಲ್ಲಿ ಹೇಳಿದೆ. ಪೊಲೀಸ್ ದೂರಿನ ಬೆದರಿಕೆ ಇದ್ದರೆ ಆ ದಿನವೇ ವಕೀಲರನ್ನು ಕಾಣಿ.

ದಾವೆ ಎಲ್ಲಿ ಬೀಳಬಹುದು? 62ನೇ ಸೆಕ್ಷನ್ ಪ್ರಕಾರ ಹಕ್ಕುದಾರರು ತಾವು ವಾಸಿಸುವ ಅಥವಾ ವ್ಯವಹಾರ ನಡೆಸುವ ಊರಿನ ಜಿಲ್ಲಾ ನ್ಯಾಯಾಲಯದಲ್ಲೇ ಹೂಡಬಹುದು. ಸಿರ್ಸಿಯ ಚಾನೆಲ್ ಮೇಲೆ ಬೆಂಗಳೂರಿನ ಕಂಪನಿ ಬೆಂಗಳೂರಿನಲ್ಲೇ ಕೇಸು ಹಾಕುವುದು ಹೀಗೆ. ನಿಮ್ಮ ಮಾತು ಕೇಳದೆಯೇ ತಡೆಯಾಜ್ಞೆ ಬರುವುದು ಇಲ್ಲಿನ ದೊಡ್ಡ ಅಪಾಯ. 2022ರ ನವೆಂಬರ್ 7ರಂದು, ಕೆಜಿಎಫ್-2 ಹಾಡುಗಳ ಬಳಕೆ ಕುರಿತು ಎಂಆರ್‌ಟಿ ಮ್ಯೂಸಿಕ್ ಹೂಡಿದ ದಾವೆಯಲ್ಲಿ, ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಕಾಂಗ್ರೆಸ್ ಮತ್ತು ಭಾರತ್ ಜೋಡೊ ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಡೆಹಿಡಿಯಲು ಹೇಳಿತು. ಮರುದಿನವೇ ಕರ್ನಾಟಕ ಹೈಕೋರ್ಟು, ಆ ತುಣುಕು ತೆಗೆಯಬೇಕೆಂಬ ಷರತ್ತಿನ ಮೇಲೆ, ಆದೇಶ ರದ್ದು ಮಾಡಿತು. ಒಂದು ದಿನದಲ್ಲಿ ಹೈಕೋರ್ಟು ತಲುಪುವ ಶಕ್ತಿ ಎಲ್ಲ ಚಾನೆಲ್‌ಗಳಿಗೂ ಇರುವುದಿಲ್ಲ. ಆದ್ದರಿಂದ ನೋಟಿಸ್ ಬಂದ ಕೂಡಲೇ ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಸೆಕ್ಷನ್ನಿನಡಿ ಕೇವಿಯಟ್ ಹಾಕಿಸಿ. ಹಾಕಿದರೆ ನಿಮಗೆ ತಿಳಿಸದೆ ತಡೆಯಾಜ್ಞೆ ಕೊಡುವಂತಿಲ್ಲ. ಅದರ ಆಯುಸ್ಸು 90 ದಿನ, ಮುಗಿದರೆ ಮತ್ತೆ ಹಾಕಬೇಕು. ಪ್ರತಿಯನ್ನು ಎದುರಾಳಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ ರಸೀದಿ ಜೋಪಾನ.

ಸ್ಕ್ರೀನ್‌ಶಾಟ್, ಈಮೇಲ್, ಮೂಲ ಕಡತಗಳನ್ನು ಸಾಕ್ಷ್ಯವಾಗಿ ಕೊಡುವಾಗ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕು. ಭಾಗ ‘ಎ’ಗೆ ಕಡತ ಕೊಡುವವರು, ಭಾಗ ‘ಬಿ’ಗೆ ತಜ್ಞರು ಸಹಿ ಹಾಕುತ್ತಾರೆ, ಕಡತದ ಹ್ಯಾಶ್ ಮೌಲ್ಯ (ಕಡತದ ಬೆರಳಚ್ಚಿನಂಥ ಸಂಕೇತ) ನಮೂದಿಸಬೇಕು. ಮೂಲ ರೆಕಾರ್ಡಿಂಗನ್ನು ವಾಟ್ಸಾಪಿನಲ್ಲಿ ಕಳಿಸಿಕೊಂಡು ಅದೇ ಪ್ರತಿಯನ್ನು ಇಟ್ಟುಕೊಂಡಿದ್ದರೆ ಹ್ಯಾಶ್ ತಾಳೆಯಾಗುವುದಿಲ್ಲ. ಕ್ಯಾಮೆರಾ ಕಾರ್ಡಿನ ಕಡತ, ಎಡಿಟಿಂಗ್ ಪ್ರಾಜೆಕ್ಟ್, ಒಪ್ಪಿಗೆ ಪತ್ರದ ಸ್ಕ್ಯಾನ್ ಇವನ್ನು ಪ್ರತಿ ವಿಡಿಯೊಗೊಂದು ಫೋಲ್ಡರ್ ಮಾಡಿ ಎರಡು ಡ್ರೈವಿನಲ್ಲಿಡಿ.

ಹಕ್ಕಿಲ್ಲದವರು ಮತ್ತೆ ಮತ್ತೆ ಬೆದರಿಸುತ್ತಿದ್ದರೆ ನೀವೇ ಕೋರ್ಟಿಗೆ ಹೋಗಬಹುದು. 60ನೇ ಸೆಕ್ಷನ್ ಆಧಾರರಹಿತ ಬೆದರಿಕೆಯ ವಿರುದ್ಧ, ಅದಕ್ಕೆ ಆಧಾರವಿಲ್ಲ ಎಂಬ ಕೋರ್ಟಿನ ಘೋಷಣೆ, ತಡೆಯಾಜ್ಞೆ, ನಷ್ಟಪರಿಹಾರ ಕೊಡುತ್ತದೆ. ಅವರು ವಿಳಂಬವಿಲ್ಲದೆ ಉಲ್ಲಂಘನೆಯ ದಾವೆ ಹೂಡಿ ನಡೆಸಿದರೆ ಮಾತ್ರ ಈ ದಾರಿ ಮುಚ್ಚುತ್ತದೆ. ವಾಣಿಜ್ಯ ವ್ಯಾಜ್ಯದ ಮೌಲ್ಯ 3 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದು, ತುರ್ತು ಮಧ್ಯಂತರ ಆದೇಶ ಬೇಡವಾಗಿದ್ದರೆ ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯ.

ನಿಮ್ಮ ವಿಡಿಯೊವನ್ನೇ ಬೇರೆಯವರು ಕದ್ದಾಗ ಟೇಕ್‌ಡೌನಿನ ಅಸ್ತ್ರ ನಿಮ್ಮ ಕೈಯಲ್ಲೂ ಇದೆ. ಭಾರತದಲ್ಲಿ ನೋಂದಣಿ ಕಡ್ಡಾಯವಲ್ಲ. ಆದರೂ ಹೆಚ್ಚು ಓಡುವ ಕೃತಿಗಳನ್ನು ನೋಂದಾಯಿಸುವುದು ಒಳ್ಳೆಯದು: ಸಾಹಿತ್ಯ ಅಥವಾ ಸಂಗೀತಕ್ಕೆ 500, ಧ್ವನಿಮುದ್ರಣಕ್ಕೆ 2,000, ವಿಡಿಯೊ ಚಿತ್ರಕ್ಕೆ 5,000 ರೂಪಾಯಿ ಶುಲ್ಕ. ಅರ್ಜಿಗೆ ಡೈರಿ ಸಂಖ್ಯೆ ಬಂದ ಮೇಲೆ ಆಕ್ಷೇಪಣೆಗೆ 30 ದಿನ ಬಿಡುತ್ತಾರೆ. ಟೇಕ್‌ಡೌನ್ ಹಾಕುವಾಗ 7 ದಿನದ ಕಾಲಾವಕಾಶ ಕೊಡುವ ಆಯ್ಕೆಯನ್ನೇ ಮೊದಲು ಬಳಸಿ. ಎದುರಿನವರು ಆ ಅವಧಿಯಲ್ಲಿ ತಾವಾಗಿ ತೆಗೆದರೆ ಅವರಿಗೆ ಸ್ಟ್ರೈಕ್ ಬೀಳುವುದಿಲ್ಲ, ನಿಮಗೆ ಕೋರ್ಟಿನ ಅಲೆದಾಟವೂ ಇರುವುದಿಲ್ಲ. ಅವರದು ವಿಮರ್ಶೆಯಾಗಿದ್ದರೆ ದೂರು ಕೊಡುವ ಮುನ್ನ ನ್ಯಾಯೋಚಿತ ಬಳಕೆಯನ್ನು ಪರಿಗಣಿಸಲೇಬೇಕೆಂದು ಅಮೆರಿಕದ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2015ರಲ್ಲಿ ಹೇಳಿದೆ. ಸುಳ್ಳು ದೂರುಗಳನ್ನು ಕೊಟ್ಟರೆ ಮುಚ್ಚುವುದು ನಿಮ್ಮ ಖಾತೆ.